ಸೀಜಿಂಗ್ ಬೈಕು ಹರಾಜಲ್ಲಿ ತಗೊಂಡೆ, ಆರ್‌ಸಿ ನನ್ನ ಹೆಸರಿಗೆ ಬರೋಕೆ 142 ದಿನ ಆಯ್ತು

ನವೆಂಬರ್ 3ಕ್ಕೆ ಪೋಸ್ಟ್‌ಮ್ಯಾನ್ ಬಂದು ಸಹಿ ಹಾಕಿಸ್ಕೊಂಡು ಒಂದು ಕವರ್ ಕೊಟ್ಟು ಹೋದ್ರು, ಒಳಗೆ ಆರ್‌ಸಿ ಸ್ಮಾರ್ಟ್ ಕಾರ್ಡು, ಅದರ ಮೇಲೆ ನನ್ನ ಹೆಸರು. ಆ ಗಾಡಿಗೆ ನಾನು ಪೂರ್ತಿ ದುಡ್ಡು ಕಟ್ಟಿದ್ದು ಜೂನ್ 14ಕ್ಕೆ. ನಡುವಿನ ನಾಲ್ಕೂವರೆ ತಿಂಗಳಲ್ಲಿ ಯಾರನ್ನ ಕೇಳಿದ್ರೂ ಒಂದೊಂದು ಥರ ಹೇಳೋರು, ಕೇಳಿಸ್ಕೊಂಡು ಬಂದು ರಾತ್ರಿ ನಿದ್ದೆ ಬರ್ತಿರಲಿಲ್ಲ. ನನ್ನ ಹಾಗೆ ಕಡಿಮೆ ರೇಟು ನೋಡಿ ಹರಾಜಿಗೆ ಹೋಗೋರಿಗೆ ಮೊದಲೇ ಗೊತ್ತಿರ್ಲಿ ಅಂತ ಎಲ್ಲಾ ನೆನಪಿರುವಾಗಲೇ ಬರೀತಿದೀನಿ.

ಸಾಲ ತಗೊಂಡು ಬೈಕ್ ಕೊಂಡೋರು ಕಂತು ಕಟ್ಟದೆ ನಿಲ್ಲಿಸಿದ್ರೆ ಫೈನಾನ್ಸ್‌ನವರು ಗಾಡಿ ಎತ್ತಿಕೊಂಡು ಹೋಗಿ ಯಾರ್ಡಲ್ಲಿ ನಿಲ್ಲಿಸ್ತಾರೆ. ಸ್ವಲ್ಪ ದಿನ ಕಾಲಾವಕಾಶ ಕೊಟ್ಟು, ನೋಟಿಸ್ ಕಳಿಸಿ, ಆಮೇಲೂ ಬಾಕಿ ಕಟ್ಟಿಲ್ಲ ಅಂದ್ರೆ ಹರಾಜು ಹಾಕ್ತಾರೆ. ಇದನ್ನೇ ನಮ್ಮಲ್ಲಿ ಸೀಜಿಂಗ್ ಗಾಡಿ ಅನ್ನೋದು. ಈಗ ಹರಾಜು ಬಹುತೇಕ ಆನ್‌ಲೈನಲ್ಲೇ ನಡೆಯುತ್ತೆ, ಗಾಡಿ ಮಾತ್ರ ಯಾರ್ಡಿಗೆ ಹೋಗಿ ನೋಡ್ಬೇಕು.

ನನಗೆ ದಿನಾ ಕೆಲಸಕ್ಕೆ ಹೋಗಿ ಬರೋಕೆ ಒಂದು 125 ಸಿಸಿ ಗಾಡಿ ಬೇಕಿತ್ತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ 2019ರ ಹೋಂಡಾ ಶೈನ್‌ಗೆ ಐವತ್ತೈದು ಸಾವಿರದ ಮೇಲೆ ಹೇಳ್ತಿದ್ರು. ಅದೇ ಹೊತ್ತಿಗೆ ಪರಿಚಯದವರೊಬ್ಬರು ಹರಾಜಿನ ಪಟ್ಟಿ ಕಳಿಸಿದ್ರು, ಅದರಲ್ಲಿ 2019 ನವೆಂಬರಲ್ಲಿ ನೋಂದಣಿ ಆಗಿದ್ದ ಶೈನ್ ಒಂದಿತ್ತು, ಆರಂಭದ ಬೆಲೆ 24 ಸಾವಿರ. ಅದನ್ನ ನೋಡಿದ ಮೇಲೆ ಬೇರೆ ಯಾವುದರ ಕಡೆಗೂ ನನ್ನ ಗಮನ ಹೋಗ್ಲಿಲ್ಲ. ಪಟ್ಟಿಯಲ್ಲಿ ಕೊನೆ ಕಾಲಮ್ಮು ಒಂದಿತ್ತು, ತಲೆಬರಹ ‘ಆರ್‌ಸಿ’, ನನ್ನ ಗಾಡಿ ಎದುರಿಗೆ ‘ಇಲ್ಲ’ ಅಂತ ಇತ್ತು. ಕಣ್ಣಿಗೆ ಬಿತ್ತು, ಡೂಪ್ಲಿಕೇಟ್ ಮಾಡಿಸಿದ್ರೆ ಆಯ್ತು ಅಂದ್ಕೊಂಡು ಮುಂದೆ ಹೋದೆ. ಆ ಒಂದು ಪದ ನನ್ನ ಎಷ್ಟು ದಿನ ತಿಂತು ಅಂತ ಮುಂದೆ ಹೇಳ್ತೀನಿ.

ಜೂನ್ 8ಕ್ಕೆ ಯಾರ್ಡಿಗೆ ಹೋದೆ. ಒಂದು ದೊಡ್ಡ ಬಯಲು, ತಗಡಿನ ಬೇಲಿ, ಒಳಗೆ ನೂರಾರು ಬೈಕು ಹ್ಯಾಂಡಲ್ಲಿಗೆ ಹ್ಯಾಂಡಲ್ ತಾಗಿಸಿ ನಿಲ್ಲಿಸಿದಾರೆ. ಎಲ್ಲದರ ಮೇಲೂ ಒಂದೇ ಬಣ್ಣದ ಧೂಳು, ಹೆಡ್‌ಲೈಟ್ ಮೇಲೆ ಮಾರ್ಕರಲ್ಲಿ ನಂಬರ್ ಬರೆದಿದಾರೆ. ಗೇಟಲ್ಲಿ ಆಧಾರ್ ತೋರಿಸಿ ರಿಜಿಸ್ಟರಲ್ಲಿ ಸಹಿ ಹಾಕ್ಬೇಕು. ಕಾವಲಿನವರಿಗೆ ವಯಸ್ಸಾಗಿತ್ತು, ಅವರೇ ನಡ್ಕೊಂಡು ಬಂದು ಗಾಡಿ ತೋರಿಸಿದ್ರು. ಸ್ಟಾರ್ಟ್ ಮಾಡಿ ನೋಡ್ಬಹುದಾ ಅಂತ ಕೇಳಿದ್ದಕ್ಕೆ, "ಇಲ್ಲ ಸರ್, ಕೀ ಆಫೀಸಲ್ಲಿರುತ್ತೆ, ಇಲ್ಲಿ ಕಣ್ಣಲ್ಲಿ ನೋಡ್ಬೇಕು ಅಷ್ಟೇ, ಕೆಲವು ಗಾಡಿಗೆ ಕೀನೇ ಇರಲ್ಲ" ಅಂದ್ರು.

ಸ್ಟಾರ್ಟ್ ಮಾಡದೆ ನೋಡೋದು ಹೇಗೆ ಅಂದ್ರೆ, ನಾನು ಜೊತೆಗೆ ನಮ್ಮ ಮೆಕ್ಯಾನಿಕ್ ಅಣ್ಣನ್ನ ಕರ್ಕೊಂಡು ಹೋಗಿದ್ದೆ, ಅವರು ನೋಡಿದ ಕ್ರಮ ಹೇಳ್ತೀನಿ. ಮೊದಲು ಕಿಕ್ಕರ್ ಕೈಯಲ್ಲೇ ನಿಧಾನಕ್ಕೆ ಒತ್ತಿದ್ರು, ಒತ್ತಡ ಸಿಕ್ತು, ಅಂದ್ರೆ ಎಂಜಿನ್ ಹಿಡ್ಕೊಂಡಿಲ್ಲ. ಆಯಿಲ್ ಮುಚ್ಚಳ ಬಿಚ್ಚಿ ಡಿಪ್‌ಸ್ಟಿಕ್ ಒರೆಸಿ ನೋಡಿದ್ರು, ಆಯಿಲ್ ಕಪ್ಪಾಗಿತ್ತು ಆದ್ರೆ ಹಾಲು ಬೆರೆಸಿದ ಹಾಗೆ ಬಿಳಿ ಇರ್ಲಿಲ್ಲ, ಬಿಳಿ ಇದ್ರೆ ನೀರು ಹೋಗಿದೆ ಅಂತ ಅರ್ಥ. ಸೈಲೆನ್ಸರ್ ಬಾಯಿಗೆ ಬೆರಳು ಹಾಕಿದ್ರು, ಒಣ ಮಸಿ ಬಂತು, ಅಂಟು ಅಂಟು ಆಯಿಲ್ ಮಸಿ ಆಗಿದ್ರೆ ಬೇಡ ಅಂತಿದ್ರಂತೆ. ಆಮೇಲೆ ಫೋರ್ಕು, ಅದು ನೇರ ಇತ್ತು. ಟೈರು ಎರಡೂ ಪಕ್ಕದಲ್ಲಿ ಬಿರುಕು ಬಿಟ್ಟಿತ್ತು, ಚೈನು ತುಕ್ಕು ಹಿಡಿದು ಕೆಂಪಗಿತ್ತು, ಬ್ಯಾಟರಿ ಸತ್ತೇ ಹೋಗಿತ್ತು, ಮುಂದಿನ ನಂಬರ್ ಪ್ಲೇಟು ಮುರಿದು ಅರ್ಧ ನೇತಾಡ್ತಿತ್ತು. ಕೊನೆಗೆ ಹ್ಯಾಂಡಲ್ ಕೆಳಗೆ ಹೆಡ್ ಪೈಪ್ ಮೇಲಿರೋ ಚಾಸಿ ನಂಬರಿನ ಧೂಳು ಒರೆಸಿ ಫೋಟೋ ತೆಗೆದು, ಎಂಜಿನ್ ನಂಬರಿಂದೂ ತೆಗೆದು, ಪಟ್ಟಿಯಲ್ಲಿದ್ದ ಅಂಕಿಗಳ ಜೊತೆ ಒಂದೊಂದೇ ಹೊಂದಿಸಿ ನೋಡಿದ್ವಿ. ದಯವಿಟ್ಟು ಇದನ್ನ ಯಾರೂ ಬಿಡಬೇಡಿ, ಒಂದು ಅಂಕಿ ತಪ್ಪಿದ್ರೂ ಆರ್‌ಟಿಓದಲ್ಲಿ ಫೈಲು ಅಲ್ಲೇ ನಿಲ್ಲುತ್ತೆ.

ಆ ಧೂಳಿನ ಟ್ಯಾಂಕ್ ಮೇಲೆ ಪೆಟ್ರೋಲ್ ಮುಚ್ಚಳದ ಪಕ್ಕ ಮಕ್ಕಳು ಪುಸ್ತಕಕ್ಕೆ ಅಂಟಿಸೋ ಥರದ ಒಂದು ಚಿಟ್ಟೆ ಸ್ಟಿಕರ್ ಇತ್ತು. ಮುಂದೆ ಕೂತ್ಕೊಳ್ತಿದ್ದ ಮಗು ಅಂಟಿಸಿರ್ಬೇಕು. ಅದನ್ನ ನೋಡಿ ನನಗೆ ಮನಸ್ಸು ತುಂಬಾ ಭಾರ ಆಯ್ತು. ಯಾರದೋ ಕಷ್ಟಕ್ಕೆ ನಾನು ಕಡಿಮೆ ರೇಟು ಅಂತ ಖುಷಿ ಪಡ್ತಿದೀನಲ್ಲ ಅನ್ನಿಸ್ತು. ಅಣ್ಣಂಗೆ ಹೇಳ್ದೆ. "ನೀವು ತಗೊಳ್ದಿದ್ರೆ ಇನ್ನೊಬ್ರು ತಗೊಳ್ತಾರೆ, ಒಳ್ಳೆ ರೇಟು ಬಂದ್ರೆ ಅವರ ಸಾಲ ಅಷ್ಟಾದ್ರೂ ಇಳಿಯುತ್ತೆ" ಅಂದ್ರು. ಅದು ನಿಜ, ಹರಾಜಿನ ದುಡ್ಡು ಅವರ ಬಾಕಿಗೆ ಜಮಾ ಆಗುತ್ತೆ, ಬಾಕಿಗಿಂತ ಜಾಸ್ತಿ ಬಂದ್ರೆ ಉಳಿದಿದ್ದು ಅವರಿಗೆ ವಾಪಸ್ ಹೋಗ್ಬೇಕು. ಆದ್ರೂ ಅವತ್ತು ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು.

ಮನೆಗೆ ಬಂದು ಸಾರಿಗೆ ಇಲಾಖೆಯ ವೆಬ್‌ಸೈಟ್ ಪರಿವಾಹನ್‌ದಲ್ಲಿ ಗಾಡಿ ನಂಬರ್ ಹಾಕಿ ನೋಡಿದೆ. ಫೈನಾನ್ಸ್ ಹೆಸರು ಸರಿ ಇದೆಯಾ, ಇನ್ಶೂರೆನ್ಸ್ ಯಾವತ್ತು ಮುಗಿದಿದೆ, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ, ಎಲ್ಲಾ ಅಲ್ಲೇ ಗೊತ್ತಾಗುತ್ತೆ. ಕದ್ದ ಗಾಡಿ ಪಟ್ಟಿಯಲ್ಲಿ ಇದೆಯಾ ಅಂತ ನೋಡೋಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಆನ್‌ಲೈನ್ ಸೇವೆ ಇದೆ, ಅದರಲ್ಲೂ ನೋಡಿ ಪ್ರಿಂಟ್ ತೆಗೆದಿಟ್ಕೊಂಡೆ. ದಂಡ ಮಾತ್ರ ಒಂದೇ ಕಡೆ ನೋಡಿ ತಪ್ಪು ಮಾಡಿದೆ. ಪರಿವಾಹನ್ ಇ-ಚಲನ್‌ದಲ್ಲಿ ಏನೂ ತೋರಿಸ್ಲಿಲ್ಲ, ಪೊಲೀಸರ ಕಡೆ ಪಟ್ಟಿಯಲ್ಲಿ ಹೆಲ್ಮೆಟ್ ಹಾಕದ್ದಕ್ಕೆ 500ರಂತೆ ಐದು ಕೇಸ್ ಇತ್ತು, ಅದು ಗೊತ್ತಾಗಿದ್ದು ಗಾಡಿ ತಗೊಂಡ ಮೇಲೆ. ನೀವು ಎರಡೂ ಕಡೆ ನೋಡಿ. ಗಾಡಿ ಬೇರೆ ರಾಜ್ಯದ ನಂಬರ್ ಆಗಿದ್ರೆ ಇನ್ನೂ ಜಾಸ್ತಿ ಯೋಚನೆ ಮಾಡಿ, ಅಲ್ಲಿಂದ ಎನ್‌ಓಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತರ್ಬೇಕು, ಇಲ್ಲಿ ಮತ್ತೆ ರೋಡ್ ಟ್ಯಾಕ್ಸ್ ಕಟ್ಬೇಕು, ಹೊಸ ನಂಬರ್ ತಗೋಬೇಕು, ಹರಾಜಲ್ಲಿ ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತೆ. ನಂದು ಕೆಎ ನಂಬರ್ರೇ ಆಗಿದ್ರಿಂದ ಆ ತೊಂದರೆ ಇರ್ಲಿಲ್ಲ.

ಹರಾಜಿನ ದಿನದ್ದು ಹೇಳೋಕೆ ಹೆಚ್ಚೇನಿಲ್ಲ. ಪ್ಯಾನ್, ಆಧಾರ್ ಕೊಟ್ಟು ಹೆಸರು ನೋಂದಾಯಿಸಿ 5,000 ಇಎಂಡಿ (ಬಿಡ್ ಹಾಕೋಕೆ ಮುಂಗಡ ಠೇವಣಿ) ಕಟ್ಟಿದ್ದೆ, ಸೋತ್ರೆ ಅದು ವಾಪಸ್ ಬರುತ್ತೆ, ಗೆದ್ದು ದುಡ್ಡು ಕಟ್ಟಲಿಲ್ಲ ಅಂದ್ರೆ ಹೋಗುತ್ತೆ. ಜೂನ್ 11ಕ್ಕೆ ಮಧ್ಯಾಹ್ನ ಮೂರಕ್ಕೆ ಮುಗೀಬೇಕಿದ್ದ ಹರಾಜು, ಕೊನೇ ನಿಮಿಷಕ್ಕೆ ಯಾರಾದ್ರೂ ಬಿಡ್ ಹಾಕಿದ್ರೆ ಮತ್ತೆ ಕೆಲವು ನಿಮಿಷ ಮುಂದಕ್ಕೆ ಹೋಗ್ತಾ ಹೋಗ್ತಾ ಮೂರೂವರೆ ಆಯ್ತು. ನಾನು 32 ಸಾವಿರಕ್ಕಿಂತ ಮೇಲೆ ಹೋಗಲ್ಲ ಅಂತ ಚೀಟಿಯಲ್ಲಿ ಬರೆದು ಮುಂದೆ ಇಟ್ಕೊಂಡಿದ್ದೆ, 31,500ಕ್ಕೆ ನಿಂತಿತು. ಗೆದ್ದೆ ಅಂತ ಎದ್ದು ನಿಂತ್ಕೊಂಡ್ರೆ ಸ್ಕ್ರೀನಲ್ಲಿ ‘ಒಪ್ಪಿಗೆಗೆ ಬಾಕಿ’ ಅಂತ ಬಂತು. ಅಂದ್ರೆ ಎಲ್ಲರಿಗಿಂತ ಜಾಸ್ತಿ ಕೂಗಿದ್ರೂ ಫೈನಾನ್ಸ್‌ನವರು ಒಪ್ಪಿದ್ರೆ ಮಾತ್ರ ಗಾಡಿ ನಮ್ಮದು. ಎರಡು ದಿನ ಆದ್ಮೇಲೆ ಒಪ್ಪಿದ್ರು. ದುಡ್ಡು ಕಟ್ಟೋಕೆ ಕೊಟ್ಟ ಟೈಮು ಮೂರೇ ದಿನ, ಅದಕ್ಕೆ ಮೊದಲೇ ದುಡ್ಡು ರೆಡಿ ಇಟ್ಕೊಂಡಿರಿ. ಹರಾಜು ನಡೆಸೋ ಕಂಪನಿಗೆ ಸೇವಾ ಶುಲ್ಕ 2,000, ಅದಕ್ಕೆ ಜಿಎಸ್‌ಟಿ ಸೇರಿ 2,360 ಬೇರೆ.

ಷರತ್ತುಗಳ ಕಾಗದಕ್ಕೆ ಸಹಿ ಹಾಕಿಸ್ಕೊಳ್ತಾರೆ, ಹನ್ನೊಂದು ಪುಟ ಇತ್ತು. ಗಾಡಿ ಇದ್ದಲ್ಲೇ, ಇದ್ದ ಹಾಗೇ, ಏನಿದೆಯೋ ಅದೇ, ಆಮೇಲೆ ನಮ್ಮನ್ನ ಕೇಳೋ ಹಾಗಿಲ್ಲ ಅನ್ನೋದು ಅದರ ಸಾರ. ಅದರೊಳಗೇ ಒಂದು ಸಾಲು, ‘ಮಾಲೀಕತ್ವ ವರ್ಗಾವಣೆ ಕೊಳ್ಳುವವರ ಜವಾಬ್ದಾರಿ’. ಇನ್ನೊಂದು ಸಾಲು, ಯಾರ್ಡ್ ಬಾಡಿಗೆಯೂ ಕೊಳ್ಳುವವರದ್ದೇ. ಜೂನ್ 21ಕ್ಕೆ ಡೆಲಿವರಿ ಆರ್ಡರ್ (ಗಾಡಿ ಬಿಟ್ಟುಕೊಡಿ ಅನ್ನೋ ಪತ್ರ) ಹಿಡ್ಕೊಂಡು ಗಾಡಿ ತರೋಕೆ ಹೋದಾಗ ಅದಕ್ಕೆ 3,400 ಕೇಳಿದ್ರು, ಚೌಕಾಸಿಗೆ ಜಾಗ ಇರ್ಲಿಲ್ಲ, ರಶೀದಿ ಕೇಳಿ ತಗೊಂಡೆ. ಒಂದೇ ಕೀ ಕೊಟ್ರು. ಇನ್ಶೂರೆನ್ಸ್ ಇಲ್ಲದ ಗಾಡಿ ರಸ್ತೆಗೆ ಇಳಿಸೋ ಹಾಗಿಲ್ಲ, ಸಿಕ್ಕಿದ್ರೆ ಮೊದಲ ಸಲಕ್ಕೇ ದಂಡ, ಅಪಘಾತ ಆದ್ರಂತೂ ಜೀವನ ಪೂರ್ತಿ ಕಟ್ಬೇಕಾಗುತ್ತೆ. ಅದಕ್ಕೇ 1,200 ಕೊಟ್ಟು ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ಬಂದೆ.

ರಿಪೇರಿ ಅಷ್ಟು ಕಷ್ಟ ಆಗ್ಲಿಲ್ಲ. ಹಳೇ ಪೆಟ್ರೋಲು ವಾರ್ನಿಷ್ ಥರ ವಾಸನೆ ಬರ್ತಿತ್ತು, ಪೂರ್ತಿ ಖಾಲಿ ಮಾಡಿ ಕಾರ್ಬುರೇಟರ್ ಬಿಚ್ಚಿ ತೊಳೆದ್ರು, ಬ್ಯಾಟರಿ, ಎರಡು ಟೈರು, ಚೈನ್ ಸ್ಪ್ರಾಕೆಟ್, ಬ್ರೇಕ್ ಶೂ, ಆಯಿಲ್, ಎಲ್ಲಾ ಸೇರಿ 7,850. ಮೂರನೇ ಕಿಕ್‌ಗೆ ಸ್ಟಾರ್ಟ್ ಆಯ್ತು, ಆ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು ನನಗೆ.

ಇನ್ಶೂರೆನ್ಸ್ ಮಾಡಿಸೋಕೆ ಹೋದಾಗ ಮೊದಲ ಗಂಟು. ಆನ್‌ಲೈನಲ್ಲಿ ಆರ್‌ಸಿಯಲ್ಲಿರೋ ಹೆಸರು ಕೇಳುತ್ತೆ, ಆ ಹೆಸರು ಹಳೇ ಮಾಲೀಕರದ್ದು. ನನ್ನ ಹೆಸರಿಗೆ ಮಾಡಿ ಅಂದ್ರೆ ಆರ್‌ಸಿ ತನ್ನಿ ಅಂತಾರೆ, ಆರ್‌ಟಿಓಗೆ ಹೋದ್ರೆ ಚಾಲ್ತಿಯಲ್ಲಿರೋ ಇನ್ಶೂರೆನ್ಸ್ ತನ್ನಿ ಅಂತಾರೆ. ಎರಡು ಕಂಪನಿಯವರು ಆಗಲ್ಲ ಅಂದ್ರು. ಮೂರನೇ ಕಡೆ ಬ್ರಾಂಚಿಗೇ ಹೋಗಿ ಫೈನಾನ್ಸ್‌ನವರ ಮಾರಾಟ ಪತ್ರ, ಡೆಲಿವರಿ ಆರ್ಡರ್, ದುಡ್ಡು ಕಟ್ಟಿದ ರಶೀದಿ ಮೂರೂ ಮುಂದೆ ಇಟ್ಟು ಕೂತ್ಕೊಂಡೆ, ಅಲ್ಲಿನ ಮೇಡಂ ತಾಳ್ಮೆಯಿಂದ ಓದಿ, ಮೇಲಿನವರನ್ನ ಕೇಳಿ ಮಾಡಿಕೊಟ್ರು. ಥರ್ಡ್ ಪಾರ್ಟಿ 714, ಜಿಎಸ್‌ಟಿ, ಮಾಲೀಕ-ಚಾಲಕರ ಅಪಘಾತ ವಿಮೆ ಎಲ್ಲಾ ಸೇರಿ 1,150. ಆನ್‌ಲೈನಲ್ಲಿ ಆಗ್ಲಿಲ್ಲ ಅಂತ ಕೈಬಿಡಬೇಡಿ, ಬ್ರಾಂಚಿಗೆ ಹೋಗಿ.

ಈಗ ಆ ‘ಇಲ್ಲ’ ಅನ್ನೋ ಪದದ ವಿಷಯ.

ಸಾಮಾನ್ಯ ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಮಾರೋರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕ್ತಾರೆ, ಒರಿಜಿನಲ್ ಆರ್‌ಸಿ ಕೊಡ್ತಾರೆ, ಸಾಲ ಇದ್ರೆ ಫಾರಂ 35 ಹಾಕಿ ಎಚ್‌ಪಿ (ಆರ್‌ಸಿಯಲ್ಲಿರೋ ಸಾಲದ ನಮೂದು) ತೆಗೆಸ್ತಾರೆ, ಮುಗೀತು. ಸೀಜಿಂಗ್ ಗಾಡಿಯಲ್ಲಿ ಹಳೇ ಮಾಲೀಕರು ಸಹಿ ಹಾಕಲ್ಲ, ಯಾಕೆ ಹಾಕ್ತಾರೆ ಹೇಳಿ, ಗಾಡಿ ಅವರ ಕೈಯಿಂದ ಹೋಗಿರುತ್ತೆ. ಆರ್‌ಸಿ ಅವರ ಮನೆಯಲ್ಲೇ ಇರುತ್ತೆ. ಆನ್‌ಲೈನಲ್ಲಿ ವರ್ಗಾವಣೆ ಅರ್ಜಿ ಹಾಕೋಕೆ ಹೋದ್ರೆ ಓಟಿಪಿ ಅವರ ಮೊಬೈಲಿಗೆ ಹೋಗುತ್ತೆ. ನಾನು ಅಂದ್ಕೊಂಡ ಹಾಗೆ ಡೂಪ್ಲಿಕೇಟ್ ಆರ್‌ಸಿ ಮಾಡಿಸೋಕೂ ಆಗಲ್ಲ, ಅದಕ್ಕೆ ಅರ್ಜಿ ಹಾಕ್ಬೇಕಾಗಿರೋದು ಮಾಲೀಕರೇ.

ಇಂಥದ್ದಕ್ಕೇ ಕಾನೂನಲ್ಲಿ ದಾರಿ ಇದೆ, 1988ರ ಮೋಟಾರು ವಾಹನ ಕಾಯ್ದೆ, ಸೆಕ್ಷನ್ 51, ಉಪವಿಭಾಗ 5. ಕಂತು ಕಟ್ಟದ್ದಕ್ಕೆ ಗಾಡಿ ವಶಕ್ಕೆ ತಗೊಂಡಿದೀವಿ, ಮಾಲೀಕರು ಆರ್‌ಸಿ ಕೊಡ್ತಿಲ್ಲ ಇಲ್ಲಾ ಸಿಗ್ತಿಲ್ಲ ಅಂತ ಫೈನಾನ್ಸ್‌ನವರು ಆರ್‌ಟಿಓಗೆ ಫಾರಂ 36ರಲ್ಲಿ ಅರ್ಜಿ ಹಾಕ್ಬೇಕು. ಆರ್‌ಟಿಓದವರು ಹಳೇ ಮಾಲೀಕರ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟಲ್ಲಿ ನೋಟಿಸ್ ಕಳಿಸ್ತಾರೆ, ಅವರಿಗೆ ಹೇಳೋದಿದ್ರೆ ಹೇಳೋಕೆ ಅವಕಾಶ. ಆಮೇಲೆ ಹಳೇ ಆರ್‌ಸಿ ರದ್ದು ಮಾಡಿ ಫೈನಾನ್ಸ್ ಹೆಸರಿಗೆ ಹೊಸ ಆರ್‌ಸಿ ಕೊಡ್ತಾರೆ. ಅಲ್ಲಿಂದ ನಮ್ಮ ಹೆಸರಿಗೆ. ನೋಡಿ, ಈ ಅರ್ಜಿ ಹಾಕೋಕೆ ಹಕ್ಕಿರೋದು ಫೈನಾನ್ಸ್‌ನವರಿಗೆ ಮಾತ್ರ, ನಾವು ಆರ್‌ಟಿಓ ಬಾಗಿಲಲ್ಲಿ ಎಷ್ಟು ದಿನ ನಿಂತ್ರೂ ಆಗಲ್ಲ. ಇದನ್ನ ನನಗೆ ಮೊದಲು ಹೇಳಿದ್ದು ಆರ್‌ಟಿಓ ಕೌಂಟರಲ್ಲಿದ್ದ ಗುಮಾಸ್ತರು, ಅದೂ ಎರಡನೇ ಸಲ ಹೋದಾಗ. "ನಿಮ್ಮ ಕೆಲಸ ಇಲ್ಲಿಲ್ಲ, ಅಲ್ಲಿದೆ, ಮೊದಲು ಅವರ ಹತ್ರ 36 ಹಾಕಿಸಿ" ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ರು.

ಫೈನಾನ್ಸ್ ಆಫೀಸಲ್ಲಿ ಮಾಡ್ತೀವಿ ಸರ್ ಅಂದ್ರು. ಒಂದು ವಾರ ಬಿಟ್ಟು ಹೋದೆ, ಫೈಲು ಹೆಡ್ ಆಫೀಸಿಗೆ ಹೋಗಿದೆ ಅಂದ್ರು. ಮತ್ತೆ ಹೋದೆ, ನೋಡ್ಕೊಳ್ತಿದ್ದವರು ರಜೆ. ಮಾತಲ್ಲೇ ಹೇಳ್ತಿದ್ರೆ ಇದು ಮುಗಿಯಲ್ಲ ಅಂತ ಮನೆಗೆ ಬಂದು ಹರಾಜಿನ ಲಾಟ್ ನಂಬರ್, ಗಾಡಿ ನಂಬರ್, ದುಡ್ಡು ಕಟ್ಟಿದ ತಾರೀಕು, ಸೆಕ್ಷನ್ ಹೆಸರು ಎಲ್ಲಾ ಹಾಕಿ ಇಮೇಲ್ ಬರೆದೆ, ಅವರ ಕುಂದುಕೊರತೆ ಅಧಿಕಾರಿಗೂ ಪ್ರತಿ ಹಾಕಿದೆ, ಮೂವತ್ತು ದಿನದಲ್ಲಿ ಉತ್ತರ ಬರದಿದ್ರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡ್ತೀನಿ ಅಂತ ಕೊನೆಗೆ ಮರ್ಯಾದೆಯಿಂದಲೇ ಬರೆದೆ. ಐದನೇ ದಿನ ಫೋನ್ ಬಂತು. ಜುಲೈ 28ಕ್ಕೆ ಫಾರಂ 36 ಆರ್‌ಟಿಓಗೆ ಹೋಯ್ತು, ಸ್ವೀಕೃತಿ ನಂಬರ್ ನನಗೂ ಕೊಟ್ರು. ಮೊದಲ ದಿನವೇ ಬರವಣಿಗೆಯಲ್ಲಿ ಕೇಳಿದ್ರೆ ಒಂದು ತಿಂಗಳು ಉಳೀತಿತ್ತು.

ಆಗಸ್ಟ್ ಪೂರ್ತಿ ಕಾಯೋದೇ. ನೋಟಿಸ್ ಹೋಗಿ, ವಿಳಾಸದಲ್ಲಿ ಇಲ್ಲ ಅಂತ ಕವರ್ ವಾಪಸ್ ಬಂದಿದ್ದು ಸೆಪ್ಟೆಂಬರ್ ಮೊದಲ ವಾರ. ಆ ಕವರನ್ನ ಗುಮಾಸ್ತರು ಫೈಲಲ್ಲಿ ಟ್ಯಾಗ್ ಮಾಡುವಾಗ ನಾನು ಎದುರಿಗೇ ಇದ್ದೆ. ಕವರಿನ ಮೇಲೆ ಪೋಸ್ಟ್‌ಮ್ಯಾನ್ ಪೆನ್ನಲ್ಲಿ ‘ಮನೆ ಖಾಲಿ ಮಾಡಿದ್ದಾರೆ’ ಅಂತ ಬರೆದಿದ್ರು. ಟ್ಯಾಂಕ್ ಮೇಲಿನ ಆ ಸ್ಟಿಕರ್ ನೆನಪಾಯ್ತು. ಗಾಡಿ ಒಂದೇ ಅಲ್ಲ, ಮನೆಯೂ ಬಿಟ್ಟಿದಾರೆ. ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಲ್ಲಿ ಸರ್ವಿಸ್ ಪುಸ್ತಕ, ಅದರೊಳಗೆ ಒಂದು ಶಾಲೆ ಫೀಸಿನ ರಶೀದಿ ಇತ್ತು. ಪುಸ್ತಕದ ಮೇಲೆ ಮೊಬೈಲ್ ನಂಬರೂ ಇತ್ತು. ಕೆಲಸ ಬೇಗ ಆಗ್ಲಿ ಅಂತ ಜುಲೈಯಲ್ಲಿ ಒಂದು ಸಲ ಅವರಿಗೆ ಫೋನ್ ಮಾಡೋಣ ಅಂತ ನಂಬರ್ ಒತ್ತಿ ಕಾಲ್ ಮಾಡದೆ ಬಿಟ್ಟಿದ್ದೆ, ಆ ದಿನ ಮಾಡದೆ ಇದ್ದಿದ್ದೇ ಒಳ್ಳೇದಾಯ್ತು. ರಶೀದಿಯನ್ನ ಅವರಿಗೆ ತಲುಪಿಸಿ ಅಂತ ಫೈನಾನ್ಸ್ ಆಫೀಸಿಗೆ ಕೊಟ್ಟು ಬಂದೆ. ನೀವೂ ಹಳೇ ಮಾಲೀಕರ ಹಿಂದೆ ಹೋಗಬೇಡಿ, ಕಾನೂನಲ್ಲಿ ಅವರ ಸಹಿ ಇಲ್ಲದೆಯೇ ದಾರಿ ಇದೆ.

ಸೆಪ್ಟೆಂಬರ್ 26ಕ್ಕೆ ಫೈನಾನ್ಸ್ ಹೆಸರಿಗೆ ಆರ್‌ಸಿ ಆಯ್ತು. ಇನ್ನೇನು ಮುಗೀತು ಅಂದ್ಕೊಂಡೆ. ಫಾರಂ 29, 30, 35 ತಗೊಂಡು ಹೋದ್ರೆ ಸಹಿ ತಿರಸ್ಕಾರ ಆಯ್ತು. ಯಾಕಂದ್ರೆ ಸಹಿ ಹಾಕಿದ ಮ್ಯಾನೇಜರ್ ಬೇರೆ ಕಡೆ ವರ್ಗ ಆಗಿದ್ರು, ಹೊಸಬರ ಹೆಸರಿನ ಅಧಿಕಾರ ಪತ್ರ ಆರ್‌ಟಿಓ ಫೈಲಲ್ಲಿ ಇರ್ಲಿಲ್ಲ. ಮತ್ತೆ ಎಲ್ಲಾ ಫಾರಂ ಹೊಸದಾಗಿ, ಸೀಲ್ ಹಾಕಿ, ಅಧಿಕಾರ ಪತ್ರದ ಪ್ರತಿ ಜೊತೆ. ಹಾಗಾಗಿ ನೀವು ಫಾರಂಗಳಿಗೆ ಎರಡೆರಡು ಪ್ರತಿಯಲ್ಲಿ ಸಹಿ ಹಾಕಿಸ್ಕೊಳ್ಳಿ, ಅಧಿಕಾರ ಪತ್ರವನ್ನ ಅದೇ ದಿನ ಕೇಳಿ ಇಟ್ಕೊಳ್ಳಿ. ಅಷ್ಟರಲ್ಲಿ ಆ ಐದು ದಂಡದ 2,500 ಕಟ್ಟಿದೆ, ಬಾಕಿ ಇದ್ರೆ ವರ್ಗಾವಣೆ ಮುಂದೆ ಹೋಗಲ್ಲ ಅಂದ್ರು. ಎಮಿಷನ್ ಟೆಸ್ಟ್ ಮಾಡಿಸಿದೆ, ಮುರಿದ ನಂಬರ್ ಪ್ಲೇಟಿಗೆ ಆನ್‌ಲೈನಲ್ಲೇ ಹೊಸದು ಬುಕ್ ಮಾಡಿ ಹಾಕಿಸಿದೆ.

ಅಕ್ಟೋಬರ್ 13ಕ್ಕೆ ಗಾಡಿ ತಗೊಂಡು ಹೋಗಿ ತೋರಿಸಿದೆ. ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲಲ್ಲಿ ತೀಡಿ ಅಚ್ಚು ತೆಗೀತಾರೆ, ತುಕ್ಕಿದ್ರೆ ಅಂಕಿ ಮೂಡಲ್ಲ, ಸೀಮೆಎಣ್ಣೆ ಬಟ್ಟೆಯಲ್ಲಿ ಹಿಂದಿನ ದಿನವೇ ಒರೆಸಿ ಇಟ್ಕೊಳ್ಳಿ. ವರ್ಗಾವಣೆ ಶುಲ್ಕ 150, ಸ್ಮಾರ್ಟ್ ಕಾರ್ಡಿಗೆ 200. ಹೊರಗೆ ಏಜೆಂಟ್ ಒಬ್ಬರು ಎಲ್ಲಾ ಸೇರಿ ಏಳು ಸಾವಿರ ಕೊಡಿ ಅಂದಿದ್ರು. ನನಗೆ ಸಮಯ ಹೋಯ್ತು, ಆದ್ರೆ ಶುಲ್ಕ, ಛಾಪಾ ಕಾಗದ, ಎಮಿಷನ್, ಪ್ಲೇಟು, ಜೆರಾಕ್ಸ್ ಎಲ್ಲಾ ಸೇರಿ ಆಗಿದ್ದು 900ರ ಆಸುಪಾಸು.

ಒಟ್ಟು ಲೆಕ್ಕ ಕೇಳಿದ್ರೆ 31,500ರ ಗಾಡಿ ನನಗೆ ಬಿದ್ದಿದ್ದು 50,860. ಇಎಂಡಿ ಬೆಲೆಗೇ ವಜಾ ಆಯ್ತು. ಅಂಗಡಿ ರೇಟಿಗೂ ಇದಕ್ಕೂ ನಾಲ್ಕೈದು ಸಾವಿರ ವ್ಯತ್ಯಾಸ, ಆಫೀಸಿಗೆ ಹಾಕಿದ ರಜೆಗಳನ್ನ ನಾನು ಲೆಕ್ಕಕ್ಕೆ ತಗೊಂಡಿಲ್ಲ. ಮತ್ತೆ ಹೋಗ್ತೀಯಾ ಅಂದ್ರೆ ಪಟ್ಟಿಯಲ್ಲಿ ಆರ್‌ಸಿ ‘ಇದೆ’ ಅಂತಿರೋ ಗಾಡಿಗೆ, ಇಲ್ಲಾ ಫೈನಾನ್ಸ್ ಹೆಸರಿಗೆ ಆಗಲೇ ಆರ್‌ಸಿ ಆಗಿರೋ ಗಾಡಿಗೆ ಮಾತ್ರ ಹೋಗ್ತೀನಿ, ಅದಕ್ಕೆ ಐದು ಸಾವಿರ ಜಾಸ್ತಿ ಆದ್ರೂ ಕೊಡ್ತೀನಿ. ಬಿಡ್ ಹಾಕೋಕೆ ಮುಂಚೆ ಫಾರಂ 36 ಯಾರು ಹಾಕ್ತಾರೆ, ಎಷ್ಟು ದಿನದಲ್ಲಿ ಹಾಕ್ತಾರೆ ಅಂತ ಇಮೇಲಲ್ಲಿ ಕೇಳಿ, ಉತ್ತರ ಬರದಿದ್ರೆ ಆ ಗಾಡಿ ಬಿಟ್ಬಿಡಿ.

ಕಾರ್ಡಲ್ಲಿ ಓನರ್ ಸೀರಿಯಲ್ 3 ಅಂತ ಬಂದಿದೆ, ನಡುವೆ ಫೈನಾನ್ಸ್‌ನವರು ಒಬ್ಬ ಮಾಲೀಕರಾಗಿ ಹೋದ್ರಲ್ಲ ಅದಕ್ಕೆ. ಮುಂದೆ ಮಾರುವಾಗ ಇದರಿಂದ ರೇಟು ಸ್ವಲ್ಪ ಇಳಿಯುತ್ತೆ, ಅದೂ ನಿಮ್ಮ ಲೆಕ್ಕದಲ್ಲಿ ಇರ್ಲಿ. ಎಚ್‌ಪಿ ಕಾಲಮ್ಮು ಖಾಲಿ ಇದೆಯಾ ಅಂತ ಕಾರ್ಡ್ ಕೈಗೆ ಬಂದ ಕೂಡಲೇ ನೋಡ್ಕೊಳ್ಳಿ, ನಂದು ಖಾಲಿ ಇತ್ತು. ಗಾಡಿ ತೊಳೆಯೋಕೆ ಕೊಟ್ಟಾಗ ಹುಡುಗ ಚಿಟ್ಟೆ ಸ್ಟಿಕರ್ ಕೀಳ್ಲಾ ಅಂತ ಕೇಳಿದ, ಬೇಡ ಬಿಡು ಅಂದೆ.